ಸೋಲುವ ತಂಡದ ಹಿಂದೆ ನಾಲ್ಕು ವರ್ಷ
(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ಕೊಟ್ಟ ವಿಷಯ 'ತಂತ್ರಜ್ಞಾನ ಮತ್ತು ಗ್ರಾಮೀಣ ವಿದ್ಯಾರ್ಥಿ'. ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೆಲಸ ಮಾಡುವವನಿಗೆ ಬೇರೆ ಯಾವ ವಿಷಯ ಕೊಟ್ಟಾರು? ಆದರೆ ಈ ವಿಷಯದಲ್ಲಿ ನನಗಿಂತ ಈ ಮಕ್ಕಳಿಗೇ ಹೆಚ್ಚು ಗೊತ್ತಿದೆ. ಮೊಬೈಲು ಕೊಟ್ಟು ನೋಡಿ. ಹಾಗಾಗಿ ಅಧ್ಯಕ್ಷರ ಒಪ್ಪಿಗೆ ಪಡೆದು ಬೇರೆ ಮಾತು ಆಡುತ್ತೇನೆ. ನಾನು ಬಿ.ಇ. ಓದುವಾಗ ನಾಲ್ಕು ವರ್ಷ ನಮ್ಮ ಕಾಲೇಜಿನ ಫುಟ್ಬಾಲ್ ತಂಡದ ಹಿಂದೆ ತಿರುಗಿದೆ. ಆಡಲು ಅಲ್ಲ, ನೋಡಲು. ಅದರ ಬಗ್ಗೆ.

ಪೆರ್ಡೂರಿನ ಹುಡುಗನಿಗೂ ಫುಟ್ಬಾಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ನಮ್ಮದು ಕಬಡ್ಡಿ, ವಾಲಿಬಾಲ್, ಗದ್ದೆ ಕೊಯ್ಲಾದ ಮೇಲೆ ಕ್ರಿಕೆಟ್. ಫುಟ್ಬಾಲ್ ಏನಿದ್ದರೂ ಮಂಗಳೂರಿನ ಕಡಲ ಬದಿಯವರದ್ದು. ಕಸಬಾ ಬೆಂಗ್ರೆಯಲ್ಲಿ ಒಂದು ಕಡೆ ನದಿ, ಇನ್ನೊಂದು ಕಡೆ ಸಮುದ್ರ. ನಡುವಿನ ಮರಳಿನಲ್ಲಿ ಮಕ್ಕಳು ನಡೆಯಲು ಕಲಿತ ಕೂಡಲೇ ಚೆಂಡು ಒದೆಯುತ್ತಾರೆ. ಅತ್ತ ಕಾಸರಗೋಡಿನಿಂದ ಕೆಳಗೆ ಏಳೇಳು ಜನರ 'ಸೆವೆನ್ಸ್' ಪಂದ್ಯ ಎಂದರೆ ನಮ್ಮಲ್ಲಿ ಜಾತ್ರೆ ಇದ್ದ ಹಾಗೆ. ಇಂಜಿನಿಯರಿಂಗ್ ಕಾಲೇಜಿಗೆ ಸೇರಿದ ಮೇಲೆ ಈ ಎರಡೂ ಕಡೆಯ ಹುಡುಗರು ನನ್ನ ಹಾಸ್ಟೆಲಿನ ಅಕ್ಕಪಕ್ಕದ ಕೋಣೆಗಳಲ್ಲಿದ್ದರು. ಅವರ ಬೂಟಿನ ವಾಸನೆಯಿಂದಲೇ ನನಗೆ ಈ ಆಟದ ಪರಿಚಯವಾದದ್ದು.

ಆದರೆ ಅಭಿಮಾನಿ ಆಗುವುದು ಹೇಗೆಂದು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅನಂತಪದ್ಮನಾಭ ದೇವರ ಹೆಸರಿನ ಮೇಳ ಇರುವ ಊರಿನವರು ನಾವು. ಪೆರ್ಡೂರು ಮೇಳ ದೊಡ್ಡದೋ ಸಾಲಿಗ್ರಾಮ ಮೇಳ ದೊಡ್ಡದೋ ಎಂಬ ಮಾತಿಗೆ ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಬಿಟ್ಟು ಎದ್ದವರನ್ನು ನಾನು ಕಂಡಿದ್ದೇನೆ. ನನ್ನ ಸೋದರಮಾವ ಮಿಯಾರು, ಕಟಪಾಡಿ ಎಂದು ಒಂದು ಜೋಡಿ ಕೋಣಗಳ ಹಿಂದೆಯೇ ಕಂಬಳದಿಂದ ಕಂಬಳಕ್ಕೆ ಹೋಗುತ್ತಿದ್ದರು. ಕೋಣ ಅವರದ್ದಲ್ಲ, ಗದ್ದೆ ಅವರದ್ದಲ್ಲ, ಗೆದ್ದರೆ ಬರುವ ಚಿನ್ನವೂ ಅವರದ್ದಲ್ಲ. ಆದರೂ ಸೋತ ದಿನ ರಾತ್ರಿ ಊಟ ಮಾಡುತ್ತಿರಲಿಲ್ಲ. ಮೊದಲ ಬಾರಿ ಫುಟ್ಬಾಲ್ ಪಂದ್ಯ ನೋಡಿದಾಗ ನನಗೆ ಅನಿಸಿದ್ದು, ಇದು ಜೋಡಾಟವೇ ಎಂದು. ಎರಡು ಮೇಳ ಎದುರುಬದುರು, ಒಬ್ಬರು ತಾಳ ತಪ್ಪುವುದನ್ನು ಇನ್ನೊಬ್ಬರು ಕಾಯುತ್ತಿರುತ್ತಾರೆ. ವ್ಯತ್ಯಾಸ ಇಷ್ಟೇ, ಇಲ್ಲಿ ಬೆಳಗಿನ ಜಾವದವರೆಗೆ ಕೂರಬೇಕಾಗಿಲ್ಲ.

ನಮ್ಮದು ಸಣ್ಣ ಕಾಲೇಜು. ಹೆಸರು ಇಲ್ಲಿ ಬೇಡ. ತಂಡಕ್ಕೆ ಹನ್ನೊಂದು ಜನ ಸೇರಿಸುವುದೇ ಕಷ್ಟ. ಕೋಚ್ ಇರಲಿಲ್ಲ. ಜೆರ್ಸಿ ಸೀನಿಯರುಗಳು ಬಿಟ್ಟುಹೋದದ್ದು, ಬೆನ್ನಿನ ಸಂಖ್ಯೆ ಅರ್ಧ ಅಳಿಸಿಹೋಗಿ ಎಂಟು ಯಾವುದು, ಮೂರು ಯಾವುದು ಎಂದು ರೆಫರಿಗೆ ಗೊತ್ತಾಗುತ್ತಿರಲಿಲ್ಲ. 2006ರಿಂದ 2010ರವರೆಗೆ ನಾನು ನೋಡಿದ್ದು 14 ಪಂದ್ಯ. ಗೆದ್ದದ್ದು 3. ಲೆಕ್ಕ ನನ್ನ ಹಳೆಯ ಡೈರಿಯಲ್ಲಿದೆ, ಗೋಲು ಹೊಡೆದವರ ಹೆಸರು ಸಮೇತ. ಹೊಡೆಸಿಕೊಂಡ ಗೋಲುಗಳ ಲೆಕ್ಕ ಒಂದು ಹಂತದ ನಂತರ ಬರೆಯಲಿಲ್ಲ.

ವಿಟಿಯುನಲ್ಲಿ ಶೇಕಡಾ 85 ಹಾಜರಿ ಬೇಕು. ಹಾಗಾಗಿ ಪಂದ್ಯದ ದಿನ ತಂಡದವರಿಗೆ ಬರುವ ಮೊದಲ ಚಿಂತೆ ಎದುರಾಳಿಯದ್ದಲ್ಲ, ಹಾಜರಿಯದ್ದು. ಆಟಗಾರರಿಗೆ ಕೆಲವೊಮ್ಮೆ ರಿಯಾಯಿತಿ ಸಿಗುತ್ತಿತ್ತು. ಪ್ರೇಕ್ಷಕನಿಗೆ ಎಲ್ಲಿಂದ ಸಿಗಬೇಕು? ನಾನು ಪ್ರತಿ ಸೆಮಿಸ್ಟರ್ ಆರಂಭದಲ್ಲಿ ಕ್ಯಾಲೆಂಡರ್ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದೆ: ಇಷ್ಟು ಪಂದ್ಯ, ಇಷ್ಟು ಗೈರು, ಒಂದು ಜ್ವರಕ್ಕೆ ಇಷ್ಟು. ಇಂದು ನಾನು ಪ್ರಾಜೆಕ್ಟ್ ಪ್ಲಾನಿಂಗ್ ಎಂದು ಸಂಬಳ ತೆಗೆದುಕೊಳ್ಳುವ ಕೆಲಸ ಅದಕ್ಕಿಂತ ಸುಲಭ.

ಒಂದು ಪಂದ್ಯದ ಬಗ್ಗೆ ಮಾತ್ರ ವಿವರವಾಗಿ ಹೇಳುತ್ತೇನೆ. ಮೂರನೇ ವರ್ಷ, ಮಂಗಳೂರಿನ ನೆಹರೂ ಮೈದಾನ. ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದರೆ ಎದುರಿಗೇ. ಮಳೆ ಎಂದರೆ ನಮ್ಮ ಆಗುಂಬೆ ಕಡೆಯ ಮಳೆ. ಚೆಂಡು ಒದ್ದರೆ ಎರಡು ಮಾರು ಹೋಗಿ ನೀರಿನಲ್ಲಿ ನಿಲ್ಲುತ್ತಿತ್ತು. ನಮ್ಮವನೊಬ್ಬನಿಗೆ ಅದೇ ದಿನ ಇಂಟರ್ನಲ್ ಪರೀಕ್ಷೆ, ಅವನು ಬರಲಿಲ್ಲ. ಇನ್ನೊಬ್ಬ ಜ್ವರದಲ್ಲಿ ಮಲಗಿದ್ದ. ಹತ್ತೇ ಜನ ಇಳಿದರು. ಎದುರು ತಂಡದಲ್ಲಿ ಬದಲಿ ಆಟಗಾರರೇ ಏಳು ಮಂದಿ, ಎಲ್ಲರಿಗೂ ಒಂದೇ ಬಣ್ಣದ ರೈನ್‌ಕೋಟು.

ನಮ್ಮ ಗೋಲ್‌ಕೀಪರ್ ಬೆಂಗ್ರೆಯವನು. ತಂದೆ ಮೀನುಗಾರಿಕೆ ಬೋಟಿಗೆ ಹೋಗುತ್ತಿದ್ದರು. ಗೋಲುಕಂಬಗಳ ನಡುವೆ 7.32 ಮೀಟರ್, ಎತ್ತರ 2.44 ಮೀಟರ್; ಇವನು ಐದೂಕಾಲು ಅಡಿ. ಮೇಲಿನ ಮೂಲೆಗೆ ಹೊಡೆದರೆ ದೇವರೇ ಗತಿ. ಆದರೆ ಚೆಂಡು ಎಲ್ಲಿಗೆ ಬರುತ್ತದೆಂದು ಅವನಿಗೆ ಒಂದು ಕ್ಷಣ ಮೊದಲೇ ಗೊತ್ತಾಗುತ್ತಿತ್ತು. ಮೊದಲ ಹತ್ತು ನಿಮಿಷದಲ್ಲೇ ಒಂದು ಗೋಲು ಬಿತ್ತು. ಮತ್ತೆ ಬೀಳಲಿಲ್ಲ. ಒಂದು ಗಂಟೆ ಹತ್ತು ಜನ ಆ ಕೆಸರಿನಲ್ಲಿ ಗೋಡೆ ಕಟ್ಟಿ ನಿಂತರು. ನಾನು ಗೆರೆಯ ಬದಿಯಲ್ಲಿ ಕೊಡೆ ಮಡಚಿಟ್ಟು ತುಳುವಿನಲ್ಲಿ 'ಬುಡೊಡ್ಚಿ, ಬುಡೊಡ್ಚಿ' ಎಂದು ಕೂಗುತ್ತಿದ್ದೆ. ಕಣ್ಣೂರಿನ ಕ್ಯಾಪ್ಟನ್‌ಗೆ ತುಳು ಬಾರದು. ಬಿಡಬೇಡ ಎಂದು ಅರ್ಥ ಎಂದು ಯಾರೋ ಹೇಳಿಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಅವನೇ ತನ್ನ ಮಲಯಾಳದ ಉಚ್ಚಾರದಲ್ಲಿ ತಂಡಕ್ಕೆಲ್ಲ ಅದನ್ನೇ ಕೂಗಲು ಆರಂಭಿಸಿದ. ಕೊನೆಗೆ ಎದುರು ತಂಡದವನೊಬ್ಬ ಜಾರಿ ಬಿದ್ದ, ನಮ್ಮವನ ಕಾಲಿಗೆ ಚೆಂಡು ಸಿಕ್ಕಿತು, ಗೋಲು. ಒಂದು-ಒಂದು. ಟೈಬ್ರೇಕರ್. 11 ಮೀಟರ್ ದೂರದಿಂದ ಐದೈದು ಹೊಡೆತ. ನಮ್ಮ ಕೀಪರ್ ಎರಡು ತಡೆದ. ನಮ್ಮವರು ಮೂರು ಹೊರಗೆ ಹೊಡೆದರು. ಸೋತೆವು.

ನಲ್ಲಿಯಲ್ಲಿ ಕಾಲು ತೊಳೆದು ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಹೋದೆವು. ಗೋಳಿಬಜೆ, ಚಾ. ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಕ್ಯಾಪ್ಟನ್ ನನ್ನ ಕಡೆ ತಿರುಗಿ, "ಮುಂದಿನ ವರ್ಷವೂ ಬರ್ತೀಯಲ್ಲ ಮಾರಾಯ? ಕೂಗುವವ ಒಬ್ಬ ಇದ್ದರೆ ರೆಫರಿಗೂ ಸ್ವಲ್ಪ ಹೆದರಿಕೆ ಇರ್ತದೆ" ಎಂದ. ಎಲ್ಲರೂ ನಕ್ಕರು. ನಗೆ ಬಂದ ಮೇಲೆ ಇನ್ನೊಂದು ಪ್ಲೇಟ್ ಗೋಳಿಬಜೆ ಬಂತು.

ಮುಂದಿನ ವರ್ಷ ತಂಡವೇ ಇರಲಿಲ್ಲ. ಫಲಿತಾಂಶ ತರದ ಆಟಕ್ಕೆ ಬಸ್ಸಿನ ಖರ್ಚು ಯಾಕೆ ಎಂದು ಕಾಲೇಜು ಹೆಸರು ಕಳುಹಿಸಲಿಲ್ಲ. ನಾವು ಸಹಿ ಸಂಗ್ರಹ ಮಾಡಿದೆವು, ಫಲ ಸಿಗಲಿಲ್ಲ. ಹುಡುಗರು ತಲಾ ನೂರು ರೂಪಾಯಿ ಹಾಕಿ ಹೊರಗಿನ ಒಂದೆರಡು ಮುಕ್ತ ಪಂದ್ಯಾಟಗಳಿಗೆ ಹೋದರು. ನಾನೂ ನೂರು ಹಾಕಿದೆ. ಆದರೆ ಆ ಹತ್ತು ಜನರು ಕೆಸರಿನಲ್ಲಿ ನಿಂತ ಆಟಕ್ಕೆ ಕಾಲೇಜಿನ ಕಡೆಯ ಸಾಕ್ಷಿ ನಾನೊಬ್ಬನೇ ಎಂಬುದು ನನ್ನನ್ನು ಈಗಲೂ ಕಾಡುತ್ತದೆ. ಅಂದು ಐವತ್ತು ಜನ ಬಂದು ನೋಡಿದ್ದರೆ, ಮರುದಿನ ಕಾರಿಡಾರಿನಲ್ಲಿ ಅದೇ ಮಾತಾಗಿದ್ದರೆ, ಅಷ್ಟು ಸುಲಭವಾಗಿ ತಂಡವನ್ನು ಅಳಿಸಲು ಆಗುತ್ತಿರಲಿಲ್ಲ. ನೋಡುವವರಿಲ್ಲದ ಆಟವನ್ನು ನಿಲ್ಲಿಸಲು ಒಂದು ಸಹಿ ಸಾಕು.

ಕೆಲಸಕ್ಕೆಂದು ಬೆಂಗಳೂರಿಗೆ ಹೋದೆ. 2013ರಲ್ಲಿ ಬೆಂಗಳೂರು ಎಫ್.ಸಿ. ಹುಟ್ಟಿತು, ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಸುನಿಲ್ ಛೆಟ್ರಿಯ ಆಟ ಕಣ್ಣಾರೆ ನೋಡಿದ್ದೇನೆ. ಸಾವಿರಾರು ಜನ ಒಂದೇ ಸ್ವರದಲ್ಲಿ ಹಾಡುವಾಗ ರೋಮಾಂಚನ ಆಗುತ್ತದೆ, ಸುಳ್ಳಲ್ಲ. ಆದರೆ ಅಲ್ಲಿ ನಾನು ಹೋಗದಿದ್ದರೆ ಒಂದು ಕುರ್ಚಿ ಖಾಲಿ, ಅಷ್ಟೆ. ಅದಕ್ಕೇ ವಾರದ ನಡುವೆ ರಜೆ ಸಿಕ್ಕಿದರೆ ಅಶೋಕನಗರದ ಫುಟ್ಬಾಲ್ ಸ್ಟೇಡಿಯಂನಲ್ಲಿ ಜಿಲ್ಲಾ ಲೀಗಿನ ಪಂದ್ಯ ನೋಡಲು ಹೋಗುತ್ತೇನೆ. ಅಲ್ಲಿ ನೋಡುವವರು ಕೈಬೆರಳೆಣಿಕೆಯಷ್ಟು. ಮೈಸೂರು ರಾಜ್ಯದ ಹೆಸರಿನಲ್ಲಿ 1968-69ರಲ್ಲಿ ಗೆದ್ದ ಸಂತೋಷ್ ಟ್ರೋಫಿ ಮತ್ತೆ ನಮ್ಮ ಕೈಗೆ ಬರಲು 54 ವರ್ಷ ಬೇಕಾಯಿತು. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಗೆದ್ದಿತು. ಆ ಸುದ್ದಿ ನಮ್ಮಲ್ಲಿ ಎಷ್ಟು ಜನ ಓದಿದ್ದೀರಿ? ಕೈ ಎತ್ತಿ. ಮೂರು ಕೈ. ಬೇಸರವಿಲ್ಲ, ಬೆಂಗಳೂರಿನಲ್ಲಿಯೂ ಇಷ್ಟೇ.

2016ರಲ್ಲಿ ಕಂಪೆನಿ ನನ್ನನ್ನು ಕೆಲವು ತಿಂಗಳು ಅಮೆರಿಕದ ಮಿಷಿಗನ್‌ಗೆ ಕಳುಹಿಸಿತ್ತು. ಅವರ ಫುಟ್ಬಾಲ್ ಬೇರೆ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಅಪ್ಪಿಕೊಂಡು ಓಡುವುದು. ಆನ್ ಆರ್ಬರ್‌ನಲ್ಲಿ ವಿಶ್ವವಿದ್ಯಾಲಯದ ಕ್ರೀಡಾಂಗಣಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಜನ ಹಿಡಿಯುತ್ತಾರೆ. ಅದು ಇರಲಿ. ನನಗೆ ಇಷ್ಟವಾದದ್ದು ಅಲ್ಲಿನ ಸಣ್ಣ ಕಾಲೇಜುಗಳು. ಮೂರನೇ ವಿಭಾಗ ಎನ್ನುತ್ತಾರೆ. ಆ ವಿಭಾಗದಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಕೊಡುವಂತಿಲ್ಲ. ಆಡುವ ಹುಡುಗ ನಾಳೆ ಲೆಕ್ಕಿಗನೋ ಮಾಸ್ಟ್ರೋ ಆಗುವವನು. ಆದರೂ ಶನಿವಾರ ಊರಿನವರು ಕಂಬಳಿ ಹೊದ್ದು ಬಂದು ಕೂರುತ್ತಾರೆ. ವರ್ಷಕ್ಕೊಮ್ಮೆ 'ಹೋಮ್‌ಕಮಿಂಗ್' ಎಂದು ಇದೆ. ಹಳೆ ವಿದ್ಯಾರ್ಥಿಗಳು ಕಾಲೇಜಿಗೆ ಮರಳಿ ಬರುವ ದಿನ. ಅದನ್ನು ಇಡುವುದೇ ಪಂದ್ಯ ಇರುವ ವಾರಕ್ಕೆ. ಭಾಷಣ ಕೇಳಲು ಅಲ್ಲ, ಈಗಿನ ಮಕ್ಕಳು ಆಡುವುದನ್ನು ನೋಡಲು ಬರುತ್ತಾರೆ. ನಾವು ಐವತ್ತು ವರ್ಷಕ್ಕೊಮ್ಮೆ ಬಂದಿದ್ದೇವೆ, ಬಂದು ಭಾಷಣ ಕೇಳುತ್ತಿದ್ದೇವೆ. ಇನ್ನು ಹೆಚ್ಚು ಹೊತ್ತು ಇಲ್ಲ, ಮುಗಿಸುತ್ತೇನೆ.

ಈಗ ನಮ್ಮ ಶಾಲೆಯ ಮಾತು. ಸುವರ್ಣ ಮಹೋತ್ಸವದ ನೆನಪಿಗೆ ರಂಗಮಂದಿರ ಕಟ್ಟಲು ತೀರ್ಮಾನವಾಗಿದೆ. ಒಳ್ಳೆಯದೇ. ನನ್ನ ಪಾಲು ನಾನೂ ಕೊಟ್ಟಿದ್ದೇನೆ. ಆದರೆ ಸಮಿತಿಯವರು ತೋರಿಸಿದ ನಕ್ಷೆಯಲ್ಲಿ ಅದು ಮೈದಾನದ ಆಚೆ ಮೂಲೆಯಲ್ಲಿದೆ. ನಿನ್ನೆ ಸಂಜೆ ನಾನು ಮತ್ತು ಈಗಿನ ದೈಹಿಕ ಶಿಕ್ಷಕರು ಟೇಪ್ ಹಿಡಿದು ಅಳೆದೆವು. ಉದ್ದ 90 ಮೀಟರ್, ಅಗಲ 48. ನೇರ ಎಳೆದರೆ ನೂರು ಮೀಟರ್ ಓಟಕ್ಕೆ ಜಾಗವಿಲ್ಲ. ಮೂಲೆಯಿಂದ ಮೂಲೆಗೆ ಎಳೆದರೆ 102. ಆ ಎರಡು ಮೀಟರಿನಲ್ಲಿ ನಿಲ್ಲಲಾಗದೆ ನಾವೆಲ್ಲ ಬೇಲಿ ಹಿಡಿದು ನಿಂತವರೇ. ಅಂಗೈಯ ಗೀರು ಕೆಲವರಿಗೆ ಈಗಲೂ ಇರಬಹುದು. ಓಟ ಮುಗಿಯುವುದು ಅದೇ ಮೂಲೆಯಲ್ಲಿ. ಅಲ್ಲಿ ರಂಗಮಂದಿರ ಬಂದರೆ ಇನ್ನು ಮುಂದೆ ಈ ಶಾಲೆಯಲ್ಲಿ ನೂರು ಮೀಟರ್ ಓಟ ಇಲ್ಲ. ಬಾವಿಯ ಪಕ್ಕ, ಸೈಕಲ್ ನಿಲ್ಲಿಸುವಲ್ಲಿ ಜಾಗ ಇದೆ. ಮರಳು, ಜಲ್ಲಿ ಬೀಳುವ ಮೊದಲು ಸಮಿತಿ ಇನ್ನೊಮ್ಮೆ ಕೂತು ಯೋಚಿಸಬೇಕೆಂದು ಕೇಳಿಕೊಳ್ಳುತ್ತೇನೆ. ಅಲ್ಲಿಗೆ ಕಟ್ಟಿದರೆ ಮಣ್ಣು ತುಂಬಿಸುವ ಹೆಚ್ಚಿನ ಖರ್ಚು ಬರುತ್ತದೆ ಎಂದು ಹೇಳಿದರು. ಆ ಖರ್ಚಿನ ಅರ್ಧ ನಾನು ಮತ್ತು ನನ್ನ ಬ್ಯಾಚಿನವರು ಕೊಡುತ್ತೇವೆ. ಈ ಮಾತು ಪುಸ್ತಕದಲ್ಲಿಯೂ ಅಚ್ಚಾಗಲಿ.

ಪಕ್ಕದ ಕಾರ್ಕಳ ತಾಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ 2012ರ ಕಬಡ್ಡಿ ವಿಶ್ವಕಪ್ಪಿನಲ್ಲಿ ಭಾರತದ ನಾಯಕಿಯಾಗಿ ಗೆದ್ದು ಬಂದರು, 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನದ ತಂಡಗಳಲ್ಲಿದ್ದರು, ಅರ್ಜುನ ಪ್ರಶಸ್ತಿ ಪಡೆದರು. ನಮ್ಮ ಮಕ್ಕಳಿಗೆ ಅವರ ಹೆಸರು ಹೇಳಿ ಹುರಿದುಂಬಿಸುವುದು ಸರಿಯೇ. ಆದರೆ ಪ್ರತಿಯೊಬ್ಬಳೂ ಮಮತಾ ಆಗಬೇಕೆಂದಿಲ್ಲ. ಮೊದಲ ಪಂದ್ಯದಲ್ಲೇ ಸೋತು ಮಧ್ಯಾಹ್ನದ ಬಸ್ಸಿಗೆ ಮರಳುವ ತಂಡವನ್ನು ನೋಡಲು ಯಾರು ಹೋಗುತ್ತಾರೆ? ಈ ವರ್ಷ ನಮ್ಮ ಹುಡುಗಿಯರ ಕಬಡ್ಡಿ ತಂಡ ವಲಯ ಮಟ್ಟದಲ್ಲಿ ಮೂರು ಅಂಕದಿಂದ ಸೋತಿತು. ಜೊತೆಗಿದ್ದದ್ದು ದೈಹಿಕ ಶಿಕ್ಷಕರು ಮತ್ತು ಒಬ್ಬ ಟೀಚರ್. ಕೊನೆಯ ರೈಡಿನಲ್ಲಿ ಔಟಾದ ಹುಡುಗಿ ಇಲ್ಲೇ ಎರಡನೇ ಸಾಲಿನಲ್ಲಿ ಕುಳಿತಿದ್ದಾಳೆ. ಹೆಸರು ಹೇಳಿ ನಾಚಿಸುವುದಿಲ್ಲ. ಮುಂದಿನ ವರ್ಷ ಅವಳು ಹತ್ತನೇ ತರಗತಿ, ಮತ್ತೆ ಆಡುತ್ತಾಳೆ.

ವಲಯ ಮಟ್ಟದ ಪಂದ್ಯಾಟ ಸಾಮಾನ್ಯವಾಗಿ ಆಗಸ್ಟ್‌ನಲ್ಲಿ ಬರುತ್ತದೆ. ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ ಎಂದು ದೈಹಿಕ ಶಿಕ್ಷಕರು ಒಪ್ಪಿದ್ದಾರೆ. ನಾನು ಹಿಂದಿನ ರಾತ್ರಿಯ ಬಸ್ಸಿಗೆ ಬೆಂಗಳೂರಿನಿಂದ ಬರುತ್ತೇನೆ. ದೇವಸ್ಥಾನದ ಎದುರಿನಿಂದ ಬೆಳಿಗ್ಗೆ ಎಂಟಕ್ಕೆ ಒಂದು ಟೆಂಪೋ ಟ್ರಾವೆಲರ್ ಹೊರಡುತ್ತದೆ, ಬಾಡಿಗೆ ನನ್ನದು. ಹನ್ನೆರಡು ಸೀಟು. ಸೋದರಮಾವ ಒಂದು ಸೀಟು ಹಿಡಿದಾಗಿದೆ, ಮಳೆಗಾಲದಲ್ಲಿ ಕಂಬಳ ಇಲ್ಲವಲ್ಲ. ಚಂಡೆ ತರುವವರಿಗೆ ಮುಂದಿನ ಸೀಟು. ಊಟದ ಮೇಲೆ ಹೊರಬಾಗಿಲಿನ ಹತ್ತಿರ ಒಂದು ನೋಟ್‌ಪುಸ್ತಕ ಇಟ್ಟಿರುತ್ತೇನೆ, ಬರುವವರು ಹೆಸರು ಮತ್ತು ಫೋನ್ ನಂಬರ್ ಬರೆದು ಹೋಗಿ.