ಹಾವು ಕಡಿದ ಮಗು ಮತ್ತು 20 ನಿಮಿಷದ ರಕ್ತಪರೀಕ್ಷೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಮಕ್ಕಳ ರಕ್ತ ಹೆಪ್ಪುಗಟ್ಟದಿರುವ ವಿಚಾರ ತಜ್ಞ ವೈದ್ಯರಿಗೆ ಸೇರಿದ್ದು, ಪಂಚಾಯಿತಿಗಲ್ಲ ಎಂದು ತಾವು ಭಾವಿಸಬಹುದು. ಆದರೆ ಅಂಥದೊಂದು ಸ್ಥಿತಿ ನಮ್ಮ ಗದ್ದೆಯ ಬದುವಿನಲ್ಲೇ ಹುಟ್ಟುತ್ತದೆ. ಅದು ಕೊಳಕುಮಂಡಲದ ಕಡಿತ.

ಈ ಹಾವಿನ ವಿಷವು ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳನ್ನೇ ಕೆರಳಿಸಿ, ಕೆಲವೇ ಗಂಟೆಗಳಲ್ಲಿ ಅವನ್ನು ಬರಿದುಮಾಡುತ್ತದೆ. ಅನಂತರ ಒಸಡಿನಲ್ಲಿ, ಮೂತ್ರದಲ್ಲಿ, ಕೆಲವೊಮ್ಮೆ ಮೆದುಳಿನಲ್ಲಿಯೂ ರಕ್ತಸ್ರಾವವಾಗುತ್ತದೆ, ಮೂತ್ರಪಿಂಡಗಳು ಸೋಲಬಹುದು. ಮಗುವಿನ ಮೈ ಚಿಕ್ಕದಾದರೂ ಹಾವು ಬಿಡುವ ವಿಷ ಚಿಕ್ಕದಲ್ಲ. ಆದಕಾರಣ ತೂಕ ನೋಡಿ ಪ್ರತಿವಿಷವನ್ನು ಕಡಿಮೆ ಮಾಡುವುದಿಲ್ಲ: ದೊಡ್ಡವರಿಗೆ ಮೊದಲು 10 ಸೀಸೆಯಾದರೆ ಮಗುವಿಗೂ 10 ಸೀಸೆ. "ಇಷ್ಟು ಸಣ್ಣ ಕೂಸಿಗೆ ಅಷ್ಟೊಂದು ಮದ್ದೇ?" ಎಂದು ಬಂಧುಗಳು ಅಡ್ಡಬಂದರೆ, ತಿಳಿಯಹೇಳಬೇಕಾದವರು ತಾವೇ.

ಪತ್ತೆಹಚ್ಚುವ ಕ್ರಮವನ್ನು ಕೇಳಿರಿ. ಇಂಜಿನಿಯರಿಂಗ್ ಓದಿದ ನನಗೆ ಇದು ಬಹಳ ಮೆಚ್ಚಿಕೆ. ವಿದ್ಯುತ್ತು ಬೇಡ, ಯಂತ್ರ ಬೇಡ. 2 ಮಿ.ಲೀ. ರಕ್ತವನ್ನು ಹೊಸ, ಒಣ ಗಾಜಿನ ನಳಿಕೆಗೆ ಹಾಕಿ, 20 ನಿಮಿಷ ಅಲುಗಿಸದೆ ಇಟ್ಟು, ಒಮ್ಮೆ ವಾಲಿಸಿ ನೋಡುವುದು. ರಕ್ತ ಇನ್ನೂ ಹರಿದರೆ ಪ್ರತಿವಿಷ ಕೂಡಲೇ ಬೇಕು. ನಳಿಕೆ ಪ್ಲಾಸ್ಟಿಕ್ಕಿನದಾಗಲಿ ಸೋಪಿನಿಂದ ತೊಳೆದದ್ದಾಗಲಿ ಆಗಕೂಡದು. ಅಂಥದರಲ್ಲಿ ಆರೋಗ್ಯವಂತರ ರಕ್ತವೂ ಹೆಪ್ಪುಗಟ್ಟದೆ ಉಳಿದೀತು. ಮೊದಲ ಸಲ ಹೆಪ್ಪುಗಟ್ಟಿತೆಂದು ಮಗುವನ್ನು ಮನೆಗೆ ಕರೆತರುವಂತಿಲ್ಲ, ಪರೀಕ್ಷೆ ಮತ್ತೆ ಮತ್ತೆ ಆಗಬೇಕು.

ಪ್ರತಿವಿಷ ಕೊಟ್ಟ 6 ಗಂಟೆಗಳ ಬಳಿಕ ಪುನಃ ನೋಡುತ್ತಾರೆ. ಪ್ರತಿವಿಷವು ವಿಷವನ್ನಷ್ಟೇ ತಡೆಯುತ್ತದೆ. ಬರಿದಾದ ಅಂಶಗಳನ್ನು ಯಕೃತ್ತು ಹೊಸದಾಗಿ ತಯಾರಿಸಬೇಕು, ಅದಕ್ಕೆ ಅಷ್ಟು ಹೊತ್ತು ಹಿಡಿಯುತ್ತದೆ. ವಿಷ ಉಳಿದಿರುವಾಗ ಪ್ಲಾಸ್ಮಾ ಏರಿಸಿದರೆ ಅದೂ ವ್ಯಯವಾದೀತು. ಪ್ರತಿವಿಷ ಕೆಲವರಿಗೆ ಒಗ್ಗದಿರುವುದುಂಟು; ಹಾಗಾಗಿ ಅಡ್ರಿನಲಿನ್ ಪಕ್ಕದಲ್ಲೇ ಸಿದ್ಧವಿರಬೇಕು. ಇದು ಆಸ್ಪತ್ರೆಯ ಕೆಲಸ, ಮನೆಯ ಜಗಲಿಯದಲ್ಲ.

ಹಗ್ಗ ಬಿಗಿಯುವುದು, ಬ್ಲೇಡಿನಿಂದ ಕೊಯ್ಯುವುದು ಬೇಡ. ರಕ್ತ ಹೆಪ್ಪುಗಟ್ಟದ ಮಗುವಿಗೆ ಕೊಯ್ದ ಗಾಯವೇ ಅಪಾಯ. ಮಂತ್ರ ಹಾಕಿಸುವ ನಂಬಿಕೆಯನ್ನು ನಾನು ಹಳಿಯಲಾರೆ, ಆದರೆ ಅಲ್ಲಿ ಕಳೆಯುವ ಗಂಟೆಗಳು ಮರಳಿ ಬಾರವು. ಕಡಿದ ಅಂಗವನ್ನು ಅಲುಗದಂತೆ ಇರಿಸಿ, 108ಕ್ಕೆ ಕರೆಮಾಡಿ.

2024ರ ಫೆಬ್ರವರಿಯಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಲಾಗಿದೆ. ಖಾಸಗಿ ಆಸ್ಪತ್ರೆಗಳೂ ವರದಿ ಮಾಡಬೇಕು. ಮುಂದಿನ ಸಾಮಾನ್ಯ ಸಭೆಗೆ ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಆಹ್ವಾನಿಸಿ, ಪ್ರತಿವಿಷದ ಸೀಸೆಗಳೆಷ್ಟಿವೆ, ಅವುಗಳ ಅವಧಿ ಎಂದಿಗೆ ಮುಗಿಯುತ್ತದೆ, ಗಾಜಿನ ನಳಿಕೆಗಳಿವೆಯೇ ಎಂದು ವಿಚಾರಿಸಿ, ನಡವಳಿ ಪುಸ್ತಕದಲ್ಲಿ ದಾಖಲಿಸಬೇಕೆಂದು ಕೋರುತ್ತೇನೆ.