ಚಳಿ ಹೋಗುವ ಮುನ್ನ: ಕಿಟಕಿ, ಫ್ಯಾನು, ನೀರಿನ ಡ್ರಮ್ಮು



ಈ ವಾರದ ಮಾತು ಮುಖ್ಯವಾಗಿ ಐರೋಲಿಯ ಬಂಧುಗಳಿಗಾಗಿ. ಹಾಗೆಂದು ರಬಾಲೆ, ಘಣಸೋಲಿ, ಠಾಣೆ, ಡೊಂಬಿವಲಿಯವರು ರೇಡಿಯೋ ಆರಿಸಬೇಕಾಗಿಲ್ಲ. ನಮ್ಮೆಲ್ಲರ ಬಿಸಿಲೂ ಒಂದೇ.

ಶಿವರಾತ್ರಿಗೆ ಚಳಿ 'ಶಿವ ಶಿವಾ' ಎಂದು ಹೊರಟುಹೋಗುತ್ತದೆ ಎನ್ನುವುದು ನಮ್ಮ ಊರಿನ ಲೆಕ್ಕ. ಐರೋಲಿಯ ಚಳಿಗೆ ಅಷ್ಟು ತಾಳ್ಮೆ ಇಲ್ಲ. ಬೆಳಗ್ಗೆ ಠಾಣೆ ಲೋಕಲ್ ಹಿಡಿಯುವಾಗ ಮೈಮೇಲೆ ಸ್ವೆಟರ್, ಮಧ್ಯಾಹ್ನ ಊಟಕ್ಕೆ ಹೊರಬಂದರೆ ಕುತ್ತಿಗೆಯಲ್ಲಿ ಬೆವರು. ಪಂಚಾಂಗದ ವಸಂತ ಯುಗಾದಿಯ ದಿನ ಕಾಲಿಡುವ ಹೊತ್ತಿಗೆ ನಮ್ಮ ಸೆಕ್ಟರುಗಳಲ್ಲಿ ಬೇಸಿಗೆ ಚಾಪೆ ಹಾಸಿ ಕುಳಿತಿರುತ್ತದೆ. ಆದ್ದರಿಂದ ವಸಂತದ ಸ್ವಾಗತ ಅಂದರೆ ಇಲ್ಲಿ ಬಿಸಿಲಿನ ಸಿದ್ಧತೆಯೇ. ಅದಕ್ಕೆ ಸಮಯ ಈಗಲೇ, ಕಂಬಳಿ ಇನ್ನೂ ಮಂಚದ ಮೇಲಿರುವಾಗಲೇ.

ಇಷ್ಟು ಅವಸರ ಏಕೆ ಎನ್ನುತ್ತೀರಾ? 2025ರ ಫೆಬ್ರವರಿ ಕೊನೆಯ ವಾರ ನೆನಪಿರಬಹುದು. ಹವಾಮಾನ ಇಲಾಖೆ ಮುಂಬಯಿ, ಠಾಣೆ, ರಾಯಗಡಕ್ಕೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟಿತ್ತು. ಫೆಬ್ರವರಿಯಲ್ಲಿ! ಕಲಬುರಗಿ, ವಿಜಯಪುರದ ಕಡೆಯಿಂದ ಬಂದವರು "ಮೂವತ್ತೇಳು ಡಿಗ್ರಿಗೇ ಇಷ್ಟು ಗಲಾಟೆಯೇ?" ಎಂದು ನಗುತ್ತಾರೆ. ಇಲಾಖೆಯ ಅಳತೆಗೋಲಿನಲ್ಲಿ ಬಯಲುಸೀಮೆಗೆ 40 ಡಿಗ್ರಿ ದಾಟಬೇಕು, ಕರಾವಳಿಗೆ 37 ಸಾಕು, ಜೊತೆಗೆ ಅದು ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿರಬೇಕು. ಇಲ್ಲಿನ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಬರುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ.

ಇನ್ನೊಂದು ವಿಷಯ. ಬಿಸಿಲಿಗೆ ಹೊಂದಿಕೊಳ್ಳಲು ಶರೀರಕ್ಕೆ ಒಂದರಿಂದ ಎರಡು ವಾರ ಬೇಕು. ಹೀಗಾಗಿ ಮೇ ತಿಂಗಳ ಬಿಸಿಲಿಗಿಂತ ವರ್ಷದ ಮೊದಲ ಬಿಸಿಲೇ ಮೋಸಗಾರ. 2023ರ ಏಪ್ರಿಲ್ 16ರಂದು ನಮ್ಮ ನವಿ ಮುಂಬಯಿಯ ಖಾರ್ಘರ್‌ನಲ್ಲಿ ಬಯಲಿನಲ್ಲಿ ನಡೆದ ಸಮಾರಂಭಕ್ಕೆ ಬಂದು ತಾಸುಗಟ್ಟಲೆ ಬಿಸಿಲಲ್ಲಿ ಕುಳಿತವರಲ್ಲಿ 14 ಮಂದಿ ಪ್ರಾಣ ಕಳೆದುಕೊಂಡರು. ಆ ದಿನದ ಉಷ್ಣತೆ ಸುಮಾರು 38 ಡಿಗ್ರಿ, ಅಷ್ಟೇ. ಇದು ಹೆದರಿಸಲು ಹೇಳುವ ಮಾತಲ್ಲ. ಊರಿನಿಂದ ಬಂದು ಮಗನ ಮನೆಯಲ್ಲಿರುವ ಅಜ್ಜ ಅಜ್ಜಿ, ಹೋಟೆಲಿನ ಒಲೆಯ ಮುಂದೆ ನಿಲ್ಲುವ ತಮ್ಮಂದಿರು, ಇವರನ್ನು ನೆನೆದು ಹೇಳುತ್ತಿದ್ದೇನೆ.

ಮೊದಲು ಕಿಟಕಿಯ ಮಾತು. ಚಳಿಗಾಲದಲ್ಲಿ ಬೆಳಗಿನ ಗಾಳಿ ಪೂರ್ವದಿಂದ, ನೆಲದ ಕಡೆಯಿಂದ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ತಿರುಗಿ ಬಂದು ನಮ್ಮನ್ನು ಕಾಪಾಡುತ್ತದೆ. ಫೆಬ್ರವರಿ, ಮಾರ್ಚಿನಲ್ಲಿ ಪೂರ್ವದ ಒಣಗಾಳಿ ಹಟ ಹಿಡಿದು, ಕಡಲಗಾಳಿ ತಡವಾದ ದಿನವೇ ಪಾರ ಜಿಗಿಯುವುದು. ಐರೋಲಿಗಂತೂ ಆ ಗಾಳಿ ಇಡೀ ಮುಂಬಯಿ ದಾಟಿ, ಖಾಡಿ ದಾಟಿ ಬರಬೇಕು. ಆದ್ದರಿಂದ ಮುಂಜಾನೆ ಎಲ್ಲ ಕಿಟಕಿ ತೆರೆದು ಮನೆ ತಂಪಾಗಿಸಿ. ಬಿಸಿಲು ಏರುತ್ತಿದ್ದಂತೆ ಪೂರ್ವದ ಕಿಟಕಿ ಮುಚ್ಚಿ ಪರದೆ ಎಳೆಯಿರಿ. ಪಶ್ಚಿಮದ ಗಾಳಿ ಬಂತೆಂದು ಕೆನ್ನೆಗೆ ತಿಳಿದ ಮೇಲೆ ಆ ಕಡೆಯದನ್ನು ತೆರೆಯಿರಿ. ಪಶ್ಚಿಮಕ್ಕೆ ಮುಖ ಮಾಡಿದ ಬೆಡ್‌ರೂಮಿನಲ್ಲಿ ಹಿರಿಯರು ಮಲಗುತ್ತಿದ್ದರೆ ಅಲ್ಲಿಗೆ ದಪ್ಪ ಹತ್ತಿಯ ಪರದೆ ಈಗಲೇ ಹೊಲಿಸಿಡಿ. ಎ.ಸಿ. ಕೊಳ್ಳುವ ಮೊದಲು ಇದನ್ನು ಮಾಡಿ ನೋಡಿ ಎಂಬುದು ನನ್ನ ಅಭಿಪ್ರಾಯ.

ಫ್ಯಾನು ಎರಡು ತಿಂಗಳು ನಿಂತಿತ್ತು. ರೆಕ್ಕೆಯ ಮೇಲೆ ಬೆರಳಿಟ್ಟು ನೋಡಿ! ಸ್ವಿಚ್ ಆರಿಸಿ, ಹಳೆಯ ದಿಂಬಿನ ಚೀಲವನ್ನು ರೆಕ್ಕೆಗೆ ತೊಡಿಸಿ ಹಿಂದಕ್ಕೆ ಎಳೆದರೆ ಧೂಳೆಲ್ಲ ಚೀಲದೊಳಗೆ, ಮಂಚದ ಮೇಲೆ ಬೀಳುವುದಿಲ್ಲ. ಎ.ಸಿ. ಇದ್ದವರು ಜಾಳಿಗೆ ತೆಗೆದು ತೊಳೆಯಿರಿ. ಕಂಬಳಿ, ಸ್ವೆಟರುಗಳನ್ನು ಒಗೆದು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಒಣ ಬೇವಿನೆಲೆಯೊಂದಿಗೆ ಕಟ್ಟಿಡಿ. ನುಸಿಗುಳಿಗೆ ಹಾಕುವುದಾದರೆ ಹಸುಳೆಗಳ ಬಟ್ಟೆಯ ಹತ್ತಿರ ಬೇಡ.

ನೀರಿನ ಮಾತಿಗೆ ಬರೋಣ. ಮೊರ್ಬೆ ಅಣೆಕಟ್ಟಿನ ಪುಣ್ಯದಿಂದ ನವಿ ಮುಂಬಯಿಗರು ಅದೃಷ್ಟವಂತರು. ಆದರೂ ಒಂದು ದಿನ ನೀರು ಬರುವುದಿಲ್ಲ ಎಂಬ ಸುದ್ದಿ ಬಂದರೆ ಮನೆಯ ಪಾತ್ರೆ, ಡ್ರಮ್ಮು, ಬಕೆಟ್ಟು ಎಲ್ಲ ತುಂಬುತ್ತವೆ. ಡೆಂಗಿ ಸೊಳ್ಳೆಗೆ ಬೇಕಾದದ್ದೂ ಅದೇ. ಅದರ ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಒಣಗಿದ್ದರೂ ಸಾಯುವುದಿಲ್ಲ, ನೀರು ಸೋಕಿದರೆ ಮರಿಯಾಗುತ್ತದೆ. ಬರೀ ನೀರು ಚೆಲ್ಲಿದರೆ ಸಾಲದು, ತೆಂಗಿನ ನಾರಿನಿಂದ ಗೋಡೆ ತಿಕ್ಕಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಬೇಕು, ಆದ್ದರಿಂದ ವಾರಕ್ಕೊಮ್ಮೆ ಈ ಕೆಲಸ. ಹೂಕುಂಡದ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂಬದಿಯ ತಟ್ಟೆ ಮರೆಯಬೇಡಿ. ಸೊಸೈಟಿಯ ಮೇಲಿನ ಟ್ಯಾಂಕಿಗೆ ಮುಚ್ಚಳ ಸರಿಯಾಗಿದೆಯೇ ಎಂದು ಸೆಕ್ರೆಟರಿಯವರನ್ನು ಕೇಳಿ. ಪೇಟೆಯ ಮಲೇರಿಯಾ ಸೊಳ್ಳೆ ಬೆಳೆಯುವುದು ಅಲ್ಲಿಯೇ.

ಅಡುಗೆಮನೆಯಲ್ಲಿ ಇದು ಸಡಗರದ ಕಾಲ. ಬ್ಯಾಡಗಿ ಮೆಣಸಿನಕಾಯಿಯ ಹೊಸ ಬೆಳೆ ಬರುತ್ತಿರುತ್ತದೆ. ವಾಶಿ ಮಾರ್ಕೆಟಿಗೆ ಹೋದವರು ವರ್ಷಕ್ಕಾಗುವಷ್ಟು ತಂದು ಒಣಗಿಸಿಡಬಹುದು. ಗಾಳಿ ಇನ್ನೂ ಒಣಗಿರುವ ಈ ದಿನಗಳಲ್ಲೇ ಸಂಡಿಗೆ, ಹಪ್ಪಳ, ಮಜ್ಜಿಗೆಮೆಣಸು ಆಗಬೇಕು. ಅಂಗಳವಿಲ್ಲ ಎನ್ನಬೇಡಿ. ಕಿಟಕಿಯ ಗ್ರಿಲ್ಲೂ ಅಂಗಳವೇ, ಪಾರಿವಾಳ ಓಡಿಸಲು ಒಬ್ಬರು ಕುಳಿತಿದ್ದರೆ ಸಾಕು. ಪುನರ್ಪುಳಿ, ಮಜ್ಜಿಗೆ, ರಾಗಿ ಅಂಬಲಿ ಈಗಿನಿಂದಲೇ ಊಟದ ಜೊತೆ ಬರಲಿ. ಚಳಿಯಲ್ಲಿ ನೀರು ಕುಡಿಯುವುದನ್ನು ಕಡಿಮೆ ಮಾಡಿದವರು ಬಾಯಾರಿಕೆಗೆ ಕಾಯದೆ ಕುಡಿಯಿರಿ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು, ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ನೀರಿನ ಅಳತೆಯನ್ನು ಬೇಸಿಗೆಗೆ ಮುಂಚೆಯೇ ವೈದ್ಯರಲ್ಲಿ ಕೇಳಿಕೊಳ್ಳಿ. ಮಾತ್ರೆಯನ್ನು ತಾವೇ ನಿಲ್ಲಿಸಬಾರದು.

ಬಿಸಿಲಲ್ಲಿ ಯಾರಾದರೂ ತಲೆನೋವು, ತಲೆಸುತ್ತು ಎಂದರೆ ನೆರಳಿಗೆ ಕರೆದೊಯ್ದು ನೀರು ಕೊಡಿ. ಮಾತು ತಡವರಿಸಿ, ಮೈ ಕೆಂಡವಾಗಿದ್ದರೆ 108ಕ್ಕೆ ಫೋನ್ ಮಾಡಿ, ಅಂಬುಲೆನ್ಸ್ ಬರುವವರೆಗೆ ಒದ್ದೆ ಬಟ್ಟೆ ಹೊದಿಸಿ ಗಾಳಿ ಬೀಸಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ.

ವಾಕಿಂಗ್ ಹೋಗುವವರು ಗಡಿಯಾರವನ್ನು ಸ್ವಲ್ಪ ಸ್ವಲ್ಪವೇ ಹಿಂದೆ ಸರಿಸಿ. ಎಂಟು ಗಂಟೆಗೆ ಹೊರಡುತ್ತಿದ್ದವರು ಏಳೂವರೆ, ಮುಂದಿನ ವಾರ ಏಳು. ಬೇಗ ಎದ್ದದ್ದಕ್ಕೆ ಐರೋಲಿಯಲ್ಲಿ ಒಂದು ಬಹುಮಾನವೂ ಇದೆ. ಮನೆಯ ಬಗಲಲ್ಲೇ ಠಾಣೆ ಖಾಡಿಯ ಫ್ಲೆಮಿಂಗೋ ಅಭಯಾರಣ್ಯ, 2015ರಲ್ಲಿ ಘೋಷಣೆಯಾದದ್ದು, 2022ರಲ್ಲಿ ರಾಮ್‌ಸರ್ ಪಟ್ಟಿಗೂ ಸೇರಿತು. ಇಲ್ಲಿನ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ಅರಣ್ಯ ಇಲಾಖೆಯವರು ದೋಣಿಯಲ್ಲಿ ಕರೆದೊಯ್ಯುತ್ತಾರೆ. ದೋಣಿಯ ಸಮಯ ಭರತ ಇಳಿತ ನೋಡಿ ನಿಶ್ಚಯವಾಗುತ್ತದೆ, ಕೇಳಿಕೊಂಡೇ ಹೋಗಿ. ಆ ಗುಲಾಬಿ ಅತಿಥಿಗಳು ಸಾಮಾನ್ಯವಾಗಿ ಮೇ ತನಕ ಇರುತ್ತವೆ. ಪರೀಕ್ಷೆಗೆ ಕುಳಿತ ಮಕ್ಕಳನ್ನೂ ಒಂದು ಭಾನುವಾರ ಕರೆದುಕೊಂಡು ಹೋಗಿ, ಎರಡು ತಾಸಿನಲ್ಲಿ ಅಂಕ ಕಡಿಮೆಯಾಗುವುದಿಲ್ಲ. ಟೋಪಿ, ನೀರಿನ ಬಾಟಲಿ ಜೊತೆಗಿರಲಿ.