ಉಡಾಳ ಹುಡುಗ ಮತ್ತು ಅವನ ಮಿದುಳು



ರಾಯಚೂರು ಜಿಲ್ಲೆಯ ಪಾಮನಕಲ್ಲೂರು, ಮಸ್ಕಿ, ಲಿಂಗಸುಗೂರು, ಸಿಂಧನೂರು ಭಾಗದ ಯಾವ ಶಾಲೆಗೆ ಹೋದರೂ ಮೇಷ್ಟ್ರು ಒಬ್ಬ ಉಡಾಳನ ಹೆಸರು ಹೇಳುತ್ತಾರೆ. ಚಿಕ್ಕವರನ್ನು ಬಡಿಯುತ್ತಾನೆ, ಅಂಗಡಿಯಲ್ಲಿ ಕದಿಯುತ್ತಾನೆ, ಕಲ್ಲು ಬೀಸಿ ನಾಯಿಯ ಕಾಲು ಮುರಿಯುತ್ತಾನೆ, ಕೇಳಿದರೆ ಮುಖ ನೋಡಿಕೊಂಡೇ ಸುಳ್ಳು ಹೇಳುತ್ತಾನೆ. ಮನೆಯವರು ಬಡಿಯುತ್ತಾರೆ, ತಾಯತ ಕಟ್ಟಿಸುತ್ತಾರೆ, ಕೊನೆಗೆ "ಅವನ ಹುಟ್ಟೇ ಹಂಗ, ಬಿಡ್ರಿ" ಎಂದು ಕೈಚೆಲ್ಲುತ್ತಾರೆ. ಈ ಕೊನೆಯ ಮಾತು ತಪ್ಪು ಎಂದು ಹೇಳಲಿಕ್ಕೇ ನಾನಿಲ್ಲಿ ಬಂದಿದ್ದೇನೆ. ಅದರ ಹಿಂದೆ ದೊಡ್ಡ ಇತಿಹಾಸವಿದೆ, ಆ ಇತಿಹಾಸದಲ್ಲಿ ಕನ್ನಡ ನಾಡಿನ ನೋವೂ ಇದೆ.

1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ತಾನು ಕಂಡ ಕೆಲವು ಮಕ್ಕಳ ಬಗ್ಗೆ ವೈದ್ಯರ ಸಭೆಯಲ್ಲಿ ಉಪನ್ಯಾಸಗಳನ್ನು ಕೊಟ್ಟ. ಅವರಲ್ಲಿ ಬುದ್ಧಿಗೆ ಕೊರತೆಯಿಲ್ಲದವರೂ ಇದ್ದರು. ಆದರೆ ತಡೆಯಿಲ್ಲದ ಸಿಟ್ಟು, ಕ್ರೌರ್ಯ, ಕಳ್ಳತನ. ಶಿಕ್ಷೆ ಕೊಟ್ಟರೂ ಮತ್ತೆ ಅದೇ. ತಮ್ಮನ್ನು ತಾವು ತಡೆದುಕೊಳ್ಳುವ ಶಕ್ತಿ ಅವರಲ್ಲಿ ಬೆಳೆದಿಲ್ಲ, ಕಾರಣ ದೇಹದಲ್ಲೇ ಇರಬಹುದು ಎಂದು ಸ್ಟಿಲ್ ಊಹಿಸಿದ. ಕನಿಷ್ಠ ಒಂದೊಂದು ಮಗುವನ್ನೂ ಕೂರಿಸಿಕೊಂಡು ನೋಡಿದ್ದನಲ್ಲ, ಅದು ದೊಡ್ಡ ಹೆಜ್ಜೆ.

ನಮ್ಮ ನಾಡಿನಲ್ಲಿ ಬ್ರಿಟಿಷ್ ಸರ್ಕಾರ ಅಷ್ಟನ್ನೂ ಮಾಡಲಿಲ್ಲ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಡೀ ಸಮುದಾಯಗಳನ್ನೇ ಹುಟ್ಟುಗಳ್ಳರೆಂದು ಪಟ್ಟಿಗೆ ಸೇರಿಸಿತು. 1911ರ ಹೊಸ ಕಾಯಿದೆ ದಕ್ಷಿಣಕ್ಕೂ ಬಂತು. ಆಗ ಮುಂಬಯಿ ಪ್ರಾಂತದಲ್ಲಿದ್ದ ವಿಜಯಪುರ, ಹುಬ್ಬಳ್ಳಿಗಳಲ್ಲಿ ಈ ಸಮುದಾಯಗಳನ್ನು ಕಾವಲಿನಲ್ಲಿಡುವ ಸೆಟ್ಲ್‌ಮೆಂಟುಗಳು ಎದ್ದವು. ದೊಡ್ಡವರು ಹಾಜರಿ ಕೊಡಬೇಕು. ಮಕ್ಕಳನ್ನು ತಂದೆತಾಯಿಯಿಂದ ಕಿತ್ತು ಬೇರೆ ಶಾಲೆಗೆ ಹಾಕುವ ಅಧಿಕಾರವೂ ಸರ್ಕಾರಕ್ಕಿತ್ತು. ಯಾವ ಮಗುವಿನ ಮನಸ್ಸನ್ನೂ ಯಾರೂ ಪರೀಕ್ಷಿಸಲಿಲ್ಲ, ಅಪ್ಪನ ಜಾತಿ ಗೊತ್ತಾದರೆ ಸಾಕಿತ್ತು. ಆ ಕಾಯಿದೆ ರದ್ದಾದದ್ದು 1952ರಲ್ಲಿ. "ಹುಟ್ಟೇ ಹಂಗ" ಎಂಬ ಮಾತು ಕೇಳಿದಾಗೆಲ್ಲ ನನಗೆ ಆ ಸೆಟ್ಲ್‌ಮೆಂಟಿನ ಮಕ್ಕಳು ನೆನಪಾಗುತ್ತಾರೆ.

1944ರಲ್ಲಿ ಮನೋವೈದ್ಯ ಜಾನ್ ಬೌಲ್ಬಿ, ಲಂಡನ್ನಿನ ಮಕ್ಕಳ ಮಾರ್ಗದರ್ಶನ ಕ್ಲಿನಿಕ್ಕಿಗೆ ಬಂದಿದ್ದ 44 ಮಂದಿ ಕಳ್ಳ ಮಕ್ಕಳ ಬಗ್ಗೆ ಬರೆದ. ಅವರಲ್ಲಿ 14 ಮಂದಿಗೆ ಯಾರ ಮೇಲೂ ಪ್ರೀತಿಯಿದ್ದಂತೆ ಕಾಣಲಿಲ್ಲ; ಆ 14ರಲ್ಲಿ 12 ಮಕ್ಕಳು ಎಳವೆಯಲ್ಲಿ ಬಹುಕಾಲ ತಾಯಿಯಿಂದ ದೂರ ಇದ್ದವರು. ಇದನ್ನು ಓದಿದ ನಮ್ಮ ಸೀಮೆಯವರಿಗೆ ಗುಳೆಯ ನೆನಪಾಗದೆ ಇರುತ್ತದೆಯೇ? 5ಎ ಎಂಬ ನೀರಾವರಿ ಕಾಲುವೆಯ ನೀರಿಗಾಗಿ ಧರಣಿ ಕೂತ ಊರು ಪಾಮನಕಲ್ಲೂರು. ಮಳೆ ಕೈಕೊಟ್ಟ ವರ್ಷ ಈ ಒಣಬೇಸಾಯದ ಊರುಗಳಿಂದ ಗಂಡಹೆಂಡತಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಸ್ಸು ಹತ್ತುತ್ತಾರೆ, ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಅಜ್ಜಿಯ ಅಕ್ಕರೆ ಇದ್ದಲ್ಲಿ ಬಹಳಷ್ಟು ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ಬೌಲ್ಬಿ ಎಲ್ಲವನ್ನೂ ತಾಯಿಯ ತಲೆಗೆ ಕಟ್ಟಿದ ಎಂಬ ಟೀಕೆ ಮುಂದೆ ಬಂತು, ಅದರಲ್ಲಿ ಹುರುಳಿದೆ. ಹೊಟ್ಟೆಪಾಡಿಗೆ ಊರು ಬಿಟ್ಟ ತಾಯಿಯನ್ನು ದೂರಲು ನನಗಂತೂ ಬಾಯಿ ಬರುವುದಿಲ್ಲ.

1980ರಲ್ಲಿ ಅಮೆರಿಕದ ಮನೋವೈದ್ಯರು ಮಕ್ಕಳ ಇಂಥ ಉಡಾಳತನವನ್ನು ನಡತೆಯ ದೋಷ ಎಂಬ ಕಾಯಿಲೆಯಾಗಿ ತಮ್ಮ ಪಟ್ಟಿಗೆ ಸೇರಿಸಿದರು. ಆಮೇಲೆ ಎಂಆರ್‌ಐ ಯಂತ್ರ ಬಂತು. ಮಿದುಳಿನ ಒಳಭಾಗದಲ್ಲಿ ಬಾದಾಮಿ ಬೀಜದ ಆಕಾರದ ಅಮಿಗ್ಡಲಾ ಎಂಬ ಭಾಗವಿದೆ. ಅಪಾಯ ಕಂಡರೆ, ಹೆದರಿದ ಮುಖ ಕಂಡರೆ ಅದು ಚುರುಕಾಗುತ್ತದೆ. 2008ರ ಸುಮಾರಿಗೆ ತಿಳಿದದ್ದು ಇದು: ಪಶ್ಚಾತ್ತಾಪವಿಲ್ಲದ, ಕರುಣೆ ಕಡಿಮೆಯಿರುವ ಮಕ್ಕಳಲ್ಲಿ ಹೆದರಿದ ಮುಖ ತೋರಿಸಿದಾಗ ಈ ಭಾಗ ಅಷ್ಟಾಗಿ ಎಚ್ಚೆತ್ತುಕೊಳ್ಳುವುದಿಲ್ಲ. ಇನ್ನು ಕೆಲವರಲ್ಲಿ ಇದಕ್ಕೆ ತದ್ವಿರುದ್ಧ. ಅಮಿಗ್ಡಲಾ ಅತಿಯಾಗಿ ಕೆರಳುತ್ತದೆ, ಅಂಥ ಹುಡುಗ ಸುಮ್ಮನೆ ನೋಡಿದವನನ್ನೂ ಜಗಳಕ್ಕೆ ಬಂದವನೆಂದು ತಿಳಿದು ಕೈಯೆತ್ತುತ್ತಾನೆ, ಆಮೇಲೆ ಅಳುತ್ತಾನೆ. ಹೊರಗೆ ಕಾಣುವ ಹೊಡೆದಾಟ ಒಂದೇ, ಒಳಗಿನ ಕಾರಣ ಬೇರೆ.

ನನ್ನ ಮನಸ್ಸಿಗೆ ನಾಟಿದ್ದು ಆಸ್ಟ್ರೇಲಿಯಾದ ಮಾರ್ಕ್ ಡ್ಯಾಡ್ಸ್ ತಂಡದ 2006ರ ಪ್ರಯೋಗ. ಕರುಣೆ ಕಡಿಮೆಯಿರುವ ಹುಡುಗರಿಗೆ ಮುಖಗಳ ಚಿತ್ರ ತೋರಿಸಿದರು. ಹೆದರಿಕೆಯನ್ನು ಅವರು ಅಷ್ಟಾಗಿ ಗುರುತಿಸಲಿಲ್ಲ. ಆಮೇಲೆ ಒಂದೇ ಸೂಚನೆ ಕೊಟ್ಟರು: ಕಣ್ಣುಗಳನ್ನು ನೋಡು. ಆಗ ಗುರುತಿಸಿದರು! ಎದುರಿನವರ ಕಣ್ಣಿನ ಕಡೆಗೆ ಅವರ ಗಮನ ತಾನಾಗಿ ಹೋಗುತ್ತಿರಲಿಲ್ಲ, ಅಷ್ಟೆ, ತೋರಿಸಿಕೊಟ್ಟರೆ ಹೋಗುತ್ತದೆ.

ಅದೇ ಡ್ಯಾಡ್ಸ್ ಮತ್ತು ಡೇವಿಡ್ ಹಾಸ್ 2005ರಲ್ಲಿ ಇನ್ನೊಂದನ್ನು ಕಂಡಿದ್ದರು. ಇಂಥ ಮಕ್ಕಳಿಗೆ ಶಿಸ್ತಿನ ಕ್ರಮ ಅಷ್ಟಾಗಿ ತಟ್ಟುವುದಿಲ್ಲ. ಒಳ್ಳೆಯದನ್ನು ಮಾಡಿದಾಗ ಸಿಗುವ ಮೆಚ್ಚುಗೆ, ಬಹುಮಾನ ಮಾತ್ರ ಬೇರೆ ಮಕ್ಕಳಿಗೆ ತಟ್ಟುವಂತೆಯೇ ತಟ್ಟುತ್ತದೆ. 2016ರ ದತ್ತುಮಕ್ಕಳ ಅಧ್ಯಯನವೊಂದು ಇನ್ನೂ ಮುಂದೆ ಹೋಯಿತು. ಹೆತ್ತ ತಾಯಿಯಿಂದ ಈ ಗುಣದ ಎಳೆ ಬಂದಿದ್ದರೂ, ಸಾಕಿದ ತಾಯಿ ಮೆಚ್ಚಿ ಬೆಳೆಸಿದಲ್ಲಿ ಅದು ತಲೆಯೆತ್ತುವುದು ಕಡಿಮೆ. ಹಾಗಾದರೆ ನಾವು ಬಾರುಕೋಲು ಹಿಡಿದು ಮಾಡುತ್ತಿರುವುದೇನು? ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಮನೆಯಲ್ಲಿ ನಾವೇ ನಿಲ್ಲಿಸಬೇಕು.

ಹೊಟ್ಟೆಯ ಮಾತೂ ಇದೆ. ಮಾರಿಷಸ್‌ನಲ್ಲಿ ಮೂರು ವರ್ಷದ ಮಕ್ಕಳನ್ನು ಗುರುತಿಸಿ ದೊಡ್ಡವರಾಗುವವರೆಗೆ ಗಮನಿಸಿದರು. ಮೂರನೇ ವಯಸ್ಸಿನಲ್ಲಿ ಅಪೌಷ್ಟಿಕತೆಯ ಗುರುತಿದ್ದ ಮಕ್ಕಳಲ್ಲಿ 8, 11, 17ನೇ ವಯಸ್ಸಿನಲ್ಲಿ ನಡತೆಯ ತೊಂದರೆ ಹೆಚ್ಚಿತ್ತು. ಎರಡು ವರ್ಷ ಒಳ್ಳೆಯ ಊಟ, ಆಟ, ಪಾಠ ಸಿಕ್ಕವರಲ್ಲಿ 17ರ ವೇಳೆಗೆ ಅದು ಕಡಿಮೆಯಾಗಿತ್ತು, ಹಸಿದು ಬಂದಿದ್ದ ಮಕ್ಕಳಿಗೇ ಹೆಚ್ಚು ಲಾಭವಾಗಿತ್ತು. 2021ರಲ್ಲಿ ರಾಯಚೂರೂ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಎದ್ದ ವಾದವಿವಾದದಲ್ಲಿ ಈ ಮಾತೂ ಕೇಳಿಬರಬೇಕಿತ್ತು.

ಇನ್ನು ಚಿಕಿತ್ಸೆಯ ಮಾತು. ಪಕ್ಕದ ಬಳ್ಳಾರಿಯಲ್ಲಿ 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು ಮನೋರೋಗಕ್ಕೆ ಹಳ್ಳಿಯಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 2022ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು. ಒಂದು ದಿನದ ತಂಟೆಗೆ ಹೆದರಬೇಡಿ. ವರ್ಷದುದ್ದಕ್ಕೂ ಬಡಿದಾಟ, ಕಳವು, ಪ್ರಾಣಿಹಿಂಸೆ ನಡೆದೇ ಇದ್ದರೆ ತಡಮಾಡದೆ ಫೋನ್ ಮಾಡಿ. ಏನೇನು ತಪ್ಪು ಮಾಡಿದ ಎಂಬುದರ ಜೊತೆಗೆ, ತಪ್ಪಾದ ಮೇಲೆ ಅವನಿಗೆ ಅಳು ಬರುತ್ತದೆಯೋ ಇಲ್ಲವೋ, ಯಾರ ಮಾತನ್ನಾದರೂ ಕೇಳುತ್ತಾನೋ, ಯಾವ ವಯಸ್ಸಿನಿಂದ ಹೀಗಾದ, ಆಗ ಮನೆಯಲ್ಲಿ ಯಾರಿದ್ದರು ಎಂಬುದನ್ನೂ ಹೇಳಿ.